ಅಂಕಿ ನಾದವಾಗುವ ಜಾಗ



ಈ ದತ್ತಿಯ ಉಪನ್ಯಾಸ ವಿಜ್ಞಾನದ್ದಾಗಿರಬೇಕು, ಕನ್ನಡದಲ್ಲಿರಬೇಕು, ಸಂಗೀತ ಕೇಳುವವರ ಉಪಯೋಗಕ್ಕೂ ಬರಬೇಕು ಎಂದು ಪತ್ರದಲ್ಲಿ ಬರೆದಿದ್ದೀರಿ. ಮೊದಲೆರಡು ನನ್ನ ಕೈಯಲ್ಲಾದೀತು. ಮೂರನೆಯದನ್ನು ಮನಸ್ಸಿನಲ್ಲಿಟ್ಟುಕೊಂಡೇ ವಿಷಯ ಆರಿಸಿಕೊಂಡೆ. ಕಿಸೆಯಲ್ಲಿ ಹಿಡಿಸುವ ಮ್ಯೂಸಿಕ್ ಪ್ಲೇಯರ್‌ಗಳು ಇವತ್ತು ಕೆಲವು ಸಾವಿರ ರೂಪಾಯಿಯಿಂದ ಹಿಡಿದು ಹಲವು ಲಕ್ಷದವರೆಗೆ ಸಿಗುತ್ತವೆ. ಪೆಟ್ಟಿಗೆಯ ಮೇಲೆ ‘ಆರ್‌-ಟು-ಆರ್’, ‘ಒನ್ ಬಿಟ್’, ‘ಡ್ಯುಯಲ್ ಡ್ಯಾಕ್’ ಎಂಬ ಬಿರುದುಗಳು. ಕೊಂಡವರ ಬಾಯಲ್ಲಿ ‘ವಾರ್ಮ್’, ‘ಸ್ಮೂತ್’, ‘ಥೇಟ್ ಅನಲಾಗ್’ ಎಂಬ ಮೆಚ್ಚುಗೆ. ಅಂಕಿಯನ್ನು ವಿದ್ಯುತ್ತಾಗಿ ಮಾಡುವ ವಿಧಾನ ಬದಲಾದರೆ ಕೇಳುವ ನಾದವೂ ಬದಲಾಗುತ್ತದೆಯೇ? ಆಗುತ್ತದೆ. ಆದರೆ ಮಾರುವವರು ಬೆರಳು ತೋರಿಸುವ ಕಡೆ ಅದು ಸಿಗುವುದು ಅಪರೂಪ. ಎಲ್ಲಿ ಸಿಗುತ್ತದೆ ಎನ್ನುವುದೇ ಇವತ್ತಿನ ಮಾತು.

ಮೊದಲು ಡ್ಯಾಕ್, ಅಂದರೆ ಅಂಕಿಯನ್ನು ವಿದ್ಯುತ್ತಾಗಿ ಮಾಡುವ ಪರಿವರ್ತಕ, ಏನು ಮಾಡುತ್ತದೆ ನೋಡೋಣ. ಸಿ.ಡಿ. ಗುಣಮಟ್ಟದ ಹಾಡಿನಲ್ಲಿ ಎಡ ಕಿವಿಗೆ ಸೆಕೆಂಡಿಗೆ 44,100 ಅಂಕಿ, ಬಲ ಕಿವಿಗೆ ಅಷ್ಟೇ. ಪ್ರತಿ ಅಂಕಿಯೂ 65,536 ಮೆಟ್ಟಿಲುಗಳಲ್ಲಿ ಯಾವುದೋ ಒಂದು. ಇದಕ್ಕೆ 16 ಬಿಟ್ ಎನ್ನುತ್ತೇವೆ. ಡ್ಯಾಕ್ ಈ ಅಂಕಿಯನ್ನು ವೋಲ್ಟೇಜ್ ಮಾಡುತ್ತದೆ, ಆಮೇಲೆ ಫಿಲ್ಟರ್ ಆ ವೋಲ್ಟೇಜಿನ ಮೂಲೆಗಳನ್ನು ತೆಗೆದು ನಯವಾದ ಅಲೆ ಕೊಡುತ್ತದೆ. ಜಾಹೀರಾತುಗಳಲ್ಲಿ ಡಿಜಿಟಲ್ ಸಂಗೀತವನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆದು ಪಕ್ಕದಲ್ಲಿ ತಮ್ಮ ಯಂತ್ರದ ನುಣುಪಾದ ಗೆರೆಯನ್ನು ತೋರಿಸುತ್ತಾರಲ್ಲ, ಅದು ಶುದ್ಧ ಸುಳ್ಳು. ಸರಿಯಾದ ಫಿಲ್ಟರ್ ಇದ್ದರೆ ಆ ಮೆಟ್ಟಿಲು ಕಿವಿಯವರೆಗೆ ಬರುವುದೇ ಇಲ್ಲ. ಸ್ಯಾಂಪಲ್ ದರದ ಅರ್ಧಕ್ಕಿಂತ ಕೆಳಗಿನ ಕಂಪನಗಳನ್ನೆಲ್ಲ ಆ ಅಂಕಿಗಳಿಂದ ಪೂರ್ತಿಯಾಗಿ ಮರಳಿ ಪಡೆಯಬಹುದು ಎನ್ನುವುದು ಅಮೆರಿಕದ ಗಣಿತಜ್ಞ ಶ್ಯಾನನ್ 1940ರ ದಶಕದ ಕೊನೆಯಲ್ಲಿ ಸಾಧಿಸಿಕೊಟ್ಟ ಗಣಿತ. ಗಣಿತದಲ್ಲಿ ತಕರಾರಿಲ್ಲ. ಅದನ್ನು ರೆಸಿಸ್ಟರ್, ಸಿಲಿಕಾನ್ ಮತ್ತು ಬ್ಯಾಟರಿಯಿಂದ ಮಾಡಿ ತೋರಿಸುವುದರಲ್ಲೇ ಕಷ್ಟವೆಲ್ಲ ಇರುವುದು.

ಹಳೆಯ ದಾರಿ ಆರ್‌-ಟು-ಆರ್ ಲ್ಯಾಡರ್. ಎರಡೇ ಬೆಲೆಯ ರೆಸಿಸ್ಟರ್‌ಗಳನ್ನು ಏಣಿಯಂತೆ ಜೋಡಿಸಿ, ಒಂದೊಂದು ಬಿಟ್‌ಗೂ ಒಂದೊಂದು ಸ್ವಿಚ್ ಕೊಡುತ್ತಾರೆ. ಒಂದೊಂದು ಸ್ವಿಚ್ಚಿನ ಪಾಲೂ ಅದರ ಮೇಲಿನದರ ಅರ್ಧ. ದಿನಸಿ ಅಂಗಡಿಯ ತಕ್ಕಡಿಯ ಬಟ್ಟುಗಳನ್ನು ನೆನಪಿಸಿಕೊಳ್ಳಿ. ಎರಡು ಕಿಲೋ, ಒಂದು ಕಿಲೋ, ಅರ್ಧ, ಕಾಲು ಹೀಗೆ ಇಳಿಯುತ್ತಾ ಹೋಗಿ ಕೊನೆಗೆ ಗ್ರಾಮಿಗೆ ಬಂದರೆ ಯಾವ ತೂಕವನ್ನಾದರೂ ಕೂಡಿಸಬಹುದು. ಆದರೆ ಎರಡು ಕಿಲೋ ಬಟ್ಟು ಐದು ಗ್ರಾಂ ಸವೆದಿದ್ದರೆ, ಕೆಳಗಿನ ಒಂದು ಗ್ರಾಮಿನ ಬಟ್ಟು ಎಷ್ಟೇ ನಿಖರವಾಗಿದ್ದರೂ ಪ್ರಯೋಜನವಿಲ್ಲ.

ಇದನ್ನು ಅಂಕಿಯಲ್ಲಿ ನೋಡೋಣ. 16 ಬಿಟ್ ಏಣಿಯಲ್ಲಿ ಅತಿ ದೊಡ್ಡ ಬಿಟ್‌ನ ತೂಕ 32,768 ಘಟಕ. ಅದರಲ್ಲಿ ಸಾವಿರಕ್ಕೆ ಒಂದರಷ್ಟು ತಪ್ಪಿದ್ದರೆ ಸುಮಾರು 33 ಘಟಕ ಆಚೀಚೆ. ರೆಸಿಸ್ಟರ್ ಅಂಗಡಿಯಲ್ಲಿ ಸಾವಿರಕ್ಕೊಂದು ತಪ್ಪಿನದು ಒಳ್ಳೆಯ ಮಾಲೇ. ತಾಪತ್ರಯವೇನೆಂದರೆ, ಸಾದಾ ಏಣಿಯಲ್ಲಿ ಈ ದೊಡ್ಡ ಬಿಟ್ ಆನ್-ಆಫ್ ಆಗುವುದು ಅಲೆಯ ನಟ್ಟನಡುವೆ, ಅದು ಸೊನ್ನೆಯನ್ನು ದಾಟುವಲ್ಲಿ. 32,767ರಿಂದ 32,768ಕ್ಕೆ ಹೋಗುವಾಗ ಹದಿನೈದು ಸ್ವಿಚ್‌ಗಳು ಒಮ್ಮೆಗೇ ಆಫ್ ಆಗಿ ಒಂದೇ ಒಂದು ಆನ್ ಆಗಬೇಕು. ಒಂದು ಘಟಕ ಏರಬೇಕಾದ ಕಡೆ 34 ಏರಬಹುದು, ಅಥವಾ ಹಿಂದಕ್ಕೇ ಜಾರಬಹುದು. ಜೋರಾದ ಸಂಗೀತದಲ್ಲಿ ಈ ತಪ್ಪು ಮುಳುಗಿಹೋಗುತ್ತದೆ. ಮೆಲ್ಲಗಿನ ಸಂಗೀತವೋ, ಸೊನ್ನೆಯ ಆಸುಪಾಸಿನಲ್ಲೇ ಓಡಾಡುವಂಥದು.

ಇಲ್ಲಿ ತಂಬೂರಿಯನ್ನು ತರುತ್ತೇನೆ. 1921ರಲ್ಲಿ, ಇನ್ನೂ ಕಲ್ಕತ್ತೆಯಲ್ಲಿದ್ದಾಗ, ಸಿ.ವಿ. ರಾಮನ್ ನಮ್ಮ ತಂತಿವಾದ್ಯಗಳ ಮೇಲೆ ಒಂದು ಪುಟ್ಟ ಪ್ರಬಂಧ ಬರೆದರು. ತಂತಿಯನ್ನು ಮೀಟಿದ ಬಿಂದು ಯಾವ ಉಪಸ್ವರಕ್ಕೆ ಅಲುಗದ ಬಿಂದುವೋ ಆ ಉಪಸ್ವರ ಹುಟ್ಟಬಾರದು ಎನ್ನುವುದು ಆವರೆಗಿನ ನಿಯಮ. ತಂಬೂರಿ, ವೀಣೆಗಳಲ್ಲಿ ಅದೂ ಕೇಳಿಸುತ್ತದೆ ಎಂದು ರಾಮನ್ ತೋರಿಸಿದರು. ಕಾರಣ ಅಗಲವಾದ, ಬಾಗಿದ ಕುದುರೆ. ತಂಬೂರಿಯಲ್ಲಾದರೆ ಅದರ ಮೇಲಿನ ದಾರದ ಜೀವಾಳಿ ಕೂಡ. ಮೀಟದೆ ಇದ್ದ ಗಾಂಧಾರ ತಾನಾಗಿ ಕೇಳಿಸುವುದು ಈ ಉಪಸ್ವರಗಳ ಸಮೃದ್ಧಿಯಿಂದಲೇ. ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಒಂದರ ಶ್ರುತಿಗೆ ಸೇರಿಸಿದ ತಂಬೂರಿಯ ಮಂದ್ರದ ತಂತಿ ಸೆಕೆಂಡಿಗೆ 65 ಸಲ ಕಂಪಿಸುತ್ತದೆ. ಮೀಟಿದ ಮೇಲೆ ನಾದ ನಿಧಾನವಾಗಿ ಇಳಿಯುತ್ತಾ ಗರಿಷ್ಠ ಮಟ್ಟಕ್ಕಿಂತ 60 ಡೆಸಿಬೆಲ್ ಕೆಳಗೆ ಬಂದಿತು ಎನ್ನಿ. ಆಗ ಅಲೆಯ ಎತ್ತರ ಗರಿಷ್ಠದ ಸಾವಿರದಲ್ಲೊಂದು ಪಾಲು, ಅಂದರೆ ಸೊನ್ನೆಯ ಆಚೆಗೆ 33 ಘಟಕ, ಈಚೆಗೆ 33 ಘಟಕ. ಏಣಿಯ ತಪ್ಪೂ 33 ಘಟಕ! ಅಲೆ ಒಂದು ಸುತ್ತಿಗೆ ಎರಡು ಸಲ ಸೊನ್ನೆ ದಾಟುತ್ತದೆ, ಎರಡು ಸಲವೂ ಅದಕ್ಕೆ ತನ್ನಷ್ಟೇ ಎತ್ತರದ ಎಡವು. ಈ ಎಡವು ನಾದಕ್ಕೆ ಸೇರಿಸುವುದೂ ಉಪಸ್ವರಗಳನ್ನೇ. ಉಪಸ್ವರಗಳ ಝೇಂಕಾರವೇ ಪ್ರಾಣವಾಗಿರುವ ವಾದ್ಯಕ್ಕೆ ಯಂತ್ರ ಇನ್ನೊಂದಿಷ್ಟು ಝೇಂಕಾರ ಸೇರಿಸಿದರೆ ‘ಆಹಾ, ನಾದ ತುಂಬಿಕೊಂಡಿತು’ ಎನ್ನುವವರೂ ಇರುತ್ತಾರೆ. ಅವರ ಕಿವಿ ಸುಳ್ಳು ಹೇಳುತ್ತಿಲ್ಲ. ಅವರು ಕೇಳುತ್ತಿರುವುದು ತಂಬೂರಿಯೊಂದನ್ನೇ ಅಲ್ಲ, ಅಷ್ಟೇ.

ಎಂಜಿನಿಯರುಗಳು ಇದಕ್ಕೆ ಸುಮ್ಮನೆ ತಲೆಬಾಗಲಿಲ್ಲ. ಅಮೆರಿಕದ ಅರಿಝೋನಾದ ಬರ್‌-ಬ್ರೌನ್ ಕಂಪನಿ ಚಿಪ್ಪಿನೊಳಗಿನ ರೆಸಿಸ್ಟರ್‌ಗಳನ್ನು ಲೇಸರ್‌ನಿಂದ ಕೆರೆದು ತಿದ್ದಿತು. ಮೇಲಿನ ಅರ್ಧ ಅಲೆಗೊಂದು, ಕೆಳಗಿನ ಅರ್ಧ ಅಲೆಗೊಂದು ಎಂದು ಎರಡು ಪರಿವರ್ತಕ ಕೂಡಿಸಿ ಸೊನ್ನೆಯ ಎಡವನ್ನೇ ತಪ್ಪಿಸುವ ಚಿಪ್ಪನ್ನೂ ಮಾಡಿತು. ಫಿಲಿಪ್ಸ್‌ನ ರೂಡಿ ವ್ಯಾನ್ ಡಿ ಪ್ಲಾಶೆ 1976ರಲ್ಲೇ ಬೇರೆ ಉಪಾಯ ಪ್ರಕಟಿಸಿದ್ದರು. ಸಮನಾಗಿರಬೇಕಾದ ಕರೆಂಟುಗಳನ್ನು ವೇಗವಾಗಿ ಅದಲುಬದಲು ಮಾಡುತ್ತಿದ್ದರೆ ಅವುಗಳ ವ್ಯತ್ಯಾಸ ಸರಾಸರಿಯಲ್ಲಿ ಅಳಿಸಿಹೋಗುತ್ತದೆ. ಇಂದಿಗೂ ಸಂಗೀತಪ್ರೇಮಿಗಳು ಹುಡುಕಿಕೊಂಡು ಹೋಗುವ ಫಿಲಿಪ್ಸ್‌ನ ಟಿಡಿಎ 1541 ಚಿಪ್ಪಿನ ಒಳಗಿರುವುದು ಇದೇ ಉಪಾಯ.

ಸಿ.ಡಿ. ಬಂದ ಹೊಸದರ ಒಂದು ಕತೆ ಇಲ್ಲಿ ಹೇಳಲೇಬೇಕು. 1982ರ ಅಕ್ಟೋಬರ್‌ನಲ್ಲಿ ಸೋನಿ ಜಪಾನಿನಲ್ಲಿ ಮೊದಲ ಸಿ.ಡಿ. ಪ್ಲೇಯರ್ ಮಾರಾಟಕ್ಕಿಟ್ಟಿತು. ಅದರಲ್ಲಿ ಎರಡೂ ಕಿವಿಗೆ ಸೇರಿ ಒಂದೇ ಡ್ಯಾಕ್. ಎಡಕ್ಕೊಮ್ಮೆ ಬಲಕ್ಕೊಮ್ಮೆ ಅದು ದುಡಿಯುತ್ತಿದ್ದುದರಿಂದ ಎರಡು ಕಿವಿಗಳ ನಡುವೆ ಸುಮಾರು 11 ಮೈಕ್ರೋಸೆಕೆಂಡ್ ಹಿಂದುಮುಂದು. ಫಿಲಿಪ್ಸ್‌ನವರ ಪಾಡು ಬೇರೆ. ಸಿ.ಡಿ. 16 ಬಿಟ್‌ನದಾಗಬೇಕೆಂದು ತೀರ್ಮಾನವಾದಾಗ ಅವರ ಕೈಯಲ್ಲಿದ್ದದ್ದು 14 ಬಿಟ್ ಚಿಪ್ಪು. ಅವರು ಅಂಕಿಗಳ ದರವನ್ನು ನಾಲ್ಕು ಪಟ್ಟು ಏರಿಸಿ 1,76,400 ಮಾಡಿದರು. ಎರಡು ಬಿಟ್ ಕತ್ತರಿಸುವಾಗ ಉಳಿಯುವ ತಪ್ಪನ್ನು ಬಿಸಾಡದೆ ಮುಂದಿನ ಅಂಕಿಗೆ ಸೇರಿಸಿದರು. ಹೀಗೆ ಮಾಡಿದಾಗ ತಪ್ಪಿನಿಂದ ಹುಟ್ಟುವ ಸದ್ದು ಕಿವಿಗೆ ಕೇಳುವ ಕಂಪನಗಳಿಂದ ಮೇಲಕ್ಕೆ, ಕೇಳದ ಕಡೆಗೆ ಸರಿಯುತ್ತದೆ. 14 ಬಿಟ್ ಚಿಪ್ಪು 16 ಬಿಟ್‌ನ ಕೆಲಸ ಮಾಡಿತು. ಇಲ್ಲದಿದ್ದ ಬಿಟ್‌ಗಳನ್ನು ವೇಗದಿಂದ ಸಂಪಾದಿಸುವ ಈ ಜಾಣತನವೇ ಮುಂದೆ ಇಡೀ ಉದ್ಯಮವನ್ನು ಆವರಿಸಿಕೊಂಡಿತು.

ಅದರ ತುತ್ತತುದಿ ಡೆಲ್ಟಾ-ಸಿಗ್ಮಾ. ಜಪಾನಿನ ಇನೋಸೆ ಮತ್ತು ಯಸುದಾ ತಮ್ಮ ಸಹೋದ್ಯೋಗಿಯೊಂದಿಗೆ 1962ರಲ್ಲೇ ಪ್ರಕಟಿಸಿದ್ದ ವಿಧಾನ ಇದು. ವೇಗ ಸಾಕಷ್ಟಿದ್ದರೆ ಒಂದೇ ಬಿಟ್ ಸಾಕು. ಸೆಕೆಂಡಿಗೆ 28,22,400 ಸಲ ‘ಮೇಲೆ’ ಅಥವಾ ‘ಕೆಳಗೆ’ ಎಂದಷ್ಟೇ ಹೇಳುತ್ತಾ, ಪ್ರತಿ ಸಲದ ತಪ್ಪನ್ನು ಮುಂದಿನ ನಿರ್ಧಾರಕ್ಕೆ ಲೆಕ್ಕ ಹಿಡಿದರೆ, ಅವುಗಳ ಸರಾಸರಿಯೇ ಸಂಗೀತ. 1999ರಲ್ಲಿ ಬಂದ ಸೂಪರ್ ಆಡಿಯೊ ಸಿ.ಡಿ.ಯ ದರ ಇದೇ. ಕಿಸೆಯ ಯಂತ್ರಕ್ಕೆ ಇದು ಹೇಳಿಮಾಡಿಸಿದ್ದು. ತಿದ್ದಬೇಕಾದ ರೆಸಿಸ್ಟರ್ ಇಲ್ಲ, ಲೇಸರ್ ಇಲ್ಲ, ಕಂಪ್ಯೂಟರ್ ಚಿಪ್ಪು ಮಾಡುವ ಕಾರ್ಖಾನೆಯಲ್ಲೇ ಅಗ್ಗವಾಗಿ ಅಚ್ಚಾಗುತ್ತದೆ. 1990ರ ದಶಕದ, ಕೈಯಲ್ಲಿ ಹಿಡಿದು ಓಡಾಡುವ ಸಿ.ಡಿ. ಪ್ಲೇಯರ್‌ಗಳ ಮುಚ್ಚಳದ ಮೇಲೆ ‘1 ಬಿಟ್ ಡ್ಯಾಕ್’ ಎಂದೋ ‘ಮ್ಯಾಶ್’ ಎಂದೋ ಬರೆದದ್ದನ್ನು ಇಲ್ಲಿರುವ ಹಿರಿಯರು ನೋಡಿರುತ್ತೀರಿ. ಅದೊಂದು ಹೆಗ್ಗಳಿಕೆಯೆಂದು ಬರೆದಿದ್ದರು. ನಿಜ ಕಾರಣ ಬಹಳ ಮಟ್ಟಿಗೆ ಖರ್ಚಿನದು.

ಒಂದೇ ಬಿಟ್‌ಗೆ ಅದರದೇ ಮಿತಿ ಇತ್ತು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಲಿಪ್‌ಶಿಟ್ಝ್ ಮತ್ತು ವ್ಯಾಂಡರ್‌ಕೂಯ್ 2001ರಲ್ಲಿ ಒಂದು ಖಾರವಾದ ಪ್ರಬಂಧ ಓದಿದರು: ತಪ್ಪನ್ನು ಸಂಗೀತದಿಂದ ಬೇರ್ಪಡಿಸಿ ನಿರುಪದ್ರವಿ ಹಿಸ್ ಮಾಡಲು ಬೇಕಾದಷ್ಟು ಜಾಗ ಒಂದು ಬಿಟ್‌ನಲ್ಲಿ ಇಲ್ಲವೇ ಇಲ್ಲ ಎಂದು. ಆ ಹೊತ್ತಿಗಾಗಲೇ ಚಿಪ್ ತಯಾರಕರು ನಡುದಾರಿ ಹಿಡಿದಿದ್ದರು. ಇವತ್ತಿನ ಫೋನು, ಫೋನಿಗೆ ಸಿಕ್ಕಿಸುವ ಡಾಂಗಲ್, ಪ್ಲೇಯರ್‌ಗಳ ಒಳ್ಳೆಯ ಚಿಪ್ಪುಗಳು ಹೆಚ್ಚಾಗಿ ಕೆಲವೇ ಬಿಟ್‌ಗಳ ಡೆಲ್ಟಾ-ಸಿಗ್ಮಾ, ಜೊತೆಗೆ ವ್ಯಾನ್ ಡಿ ಪ್ಲಾಶೆಯ ಅದಲುಬದಲಿನ ವಂಶದ್ದೇ ಒಂದು ಉಪಾಯ. ಏಣಿಯ ತಪ್ಪು ಮೆಲ್ಲಗಿನ ಸಂಗೀತದ ನಡುವೆ ಬಂದು ಕೂರುತ್ತದೆ. ಡೆಲ್ಟಾ-ಸಿಗ್ಮಾದ ತಪ್ಪು ಕಿವಿ ಮುಟ್ಟದ ಕಂಪನಗಳಲ್ಲಿ ರಾಶಿ ಬೀಳುತ್ತದೆ. ಸಂಗೀತ ಕೇಳುವವನಾಗಿ ಎರಡನೆಯದೇ ನನಗೆ ವಾಸಿ.

ಹಾಗಾದರೆ ಏಣಿಯ ಪ್ಲೇಯರ್ ಕೊಂಡವರಿಗೆ ಕೇಳಿಸುವ ಮೃದುತ್ವ ಬರೀ ಭ್ರಮೆಯೇ? ಎಷ್ಟೋ ಸಲ ಅಲ್ಲ. ಅಂಥ ಯಂತ್ರಗಳಲ್ಲಿ ‘ನಾಸ್’ ಎಂಬ ಒಂದು ಸೆಟಿಂಗ್ ಇರುತ್ತದೆ. ದರ ಏರಿಸುವುದನ್ನೂ ಡಿಜಿಟಲ್ ಫಿಲ್ಟರನ್ನೂ ಬಿಟ್ಟು, ಬಂದ ಅಂಕಿಯನ್ನು ಮುಂದಿನ ಅಂಕಿ ಬರುವವರೆಗೆ ಹಾಗೇ ಹಿಡಿದಿಡುವುದು. ಹೀಗೆ ಹಿಡಿದಿಟ್ಟರೆ ತಾರದ ಸದ್ದು ತಾನಾಗಿ ಇಳಿಯುತ್ತದೆ. 44,100ರ ದರದಲ್ಲಿ 10,000 ಹರ್ಟ್ಸ್‌ಗೆ ಮುಕ್ಕಾಲು ಡೆಸಿಬೆಲ್, 20,000ಕ್ಕೆ ಮೂರು ಡೆಸಿಬೆಲ್‌ಗೂ ಸ್ವಲ್ಪ ಹೆಚ್ಚು. ಇದು ಪುಸ್ತಕದ ಸೂತ್ರದಿಂದ ಯಾರು ಬೇಕಾದರೂ ತೆಗೆಯಬಹುದಾದ ಲೆಕ್ಕ. ತಾಳದ, ಪಿಟೀಲಿನ ಕಮಾನಿನ ಅಂಚು ಒಂಚೂರು ಮೊಂಡಾಗುತ್ತದೆ. ಅದಕ್ಕೆ ‘ಅನಲಾಗ್ ವಾರ್ಮ್’ ಎಂದು ಹೆಸರು. ಟ್ರೆಬಲ್ ಗುಂಡಿಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿದರೂ ಬಹುಪಾಲು ಅಲ್ಲಿಗೇ ತಲುಪುತ್ತೀರಿ, ಖರ್ಚಿಲ್ಲದೆ.

ಫಿಲ್ಟರ್‌ನ ವಿಷಯವನ್ನು ಬೇಗ ಮುಗಿಸುತ್ತೇನೆ. ಪ್ಲೇಯರ್‌ನ ಮೆನುವಿನಲ್ಲಿ ‘ಶಾರ್ಪ್’, ‘ಸ್ಲೋ’, ‘ಮಿನಿಮಮ್ ಫೇಸ್’ ಎಂಬ ಆಯ್ಕೆಗಳಿರುತ್ತವೆ. ಶಾರ್ಪ್ ಫಿಲ್ಟರ್‌ನಲ್ಲಿ ಮೃದಂಗದ ಚಾಪು ಬೀಳುವ ಮುನ್ನವೇ ಅತಿ ಸಣ್ಣ ಅನುರಣನ ಶುರುವಾಗುತ್ತದೆ, ಅದು ಸಹಜವಲ್ಲ ಎಂಬ ದೂರು ಇದೆ. ಗ್ರಾಫಿನಲ್ಲಿ ಅದು ಕಾಣುವುದೂ ನಿಜ. ಆದರೆ ಆ ಅನುರಣನ ಇರುವುದು 22,000 ಹರ್ಟ್ಸ್ ಹತ್ತಿರ. ಈ ಸಭಾಂಗಣದಲ್ಲಿ ಅದನ್ನು ಕೇಳಬಲ್ಲವರು ಯಾರಾದರೂ ಇದ್ದರೆ ಅಮ್ಮನ ತೊಡೆಯ ಮೇಲೆ ಮಲಗಿರುವ ಆ ಮಗು ಮಾತ್ರ. ನನ್ನ ವಯಸ್ಸಿನ ಕಿವಿಗೆ 12,000 ದಾಟಿದ ಮೇಲೆ ಎಲ್ಲವೂ ಮೌನ.

ಇನ್ನು ಚಿಪ್ಪಿನ ಹೆಸರಿನ ಮಹಿಮೆ. 2001ರ ಅಕ್ಟೋಬರ್‌ನಲ್ಲಿ ಬಂದ ಮೊದಲ ಐಪಾಡ್‌ನಲ್ಲಿದ್ದದ್ದು ಸ್ಕಾಟ್ಲೆಂಡಿನ ಎಡಿನ್‌ಬರೊದ ವುಲ್ಫ್‌ಸನ್ ಕಂಪನಿಯ ಡ್ಯಾಕ್. 2007ರ ಐಪಾಡ್ ಕ್ಲಾಸಿಕ್‌ಗೆ ಆ್ಯಪಲ್ ಅದನ್ನು ಬಿಟ್ಟು ಅಮೆರಿಕದ ಸಿರಸ್ ಲಾಜಿಕ್‌ನ ಚಿಪ್ ಹಾಕಿತು. ಅಂದಿನಿಂದ ‘ವುಲ್ಫ್‌ಸನ್ ಐಪಾಡ್‌ನ ನಾದವೇ ನಾದ’ ಎಂಬ ದಂತಕತೆ ಹುಟ್ಟಿತು. ಹಳೆಯ ಐಪಾಡ್‌ಗಳನ್ನು ಹುಡುಕಿ ಕೊಂಡು, ಬ್ಯಾಟರಿ ಬದಲಿಸಿ ಕೇಳುವವರು ಈಗಲೂ ಇದ್ದಾರೆ. 2014ರಲ್ಲಿ ಸಿರಸ್ ಲಾಜಿಕ್ ವುಲ್ಫ್‌ಸನ್ನನ್ನೇ ಕೊಂಡುಕೊಂಡಿತು. ದಂತಕತೆ ಮಾತ್ರ ಮಾರಾಟವಾಗಲಿಲ್ಲ.

ಎರಡು ಪ್ಲೇಯರ್‌ಗಳ ಸದ್ದಿನಲ್ಲಿ ನಿಜವಾಗಿ ವ್ಯತ್ಯಾಸ ಕೇಳಿಸಿದಾಗ ನಾನು ಮೊದಲು ಡ್ಯಾಕ್ ಆದಮೇಲಿನ ದಾರಿಯನ್ನು ಶಂಕಿಸುತ್ತೇನೆ. ಬ್ಯಾಟರಿಯಿಂದ ನಡೆಯುವ ಯಂತ್ರದಲ್ಲಿ ಸಾಮಾನ್ಯವಾಗಿ ಒಂದೇ ಕಡೆಯ ವೋಲ್ಟೇಜ್ ಇರುತ್ತದೆ. ಡಿ.ಸಿ. ಕರೆಂಟು ಇಯರ್‌ಫೋನಿಗೆ ಹೋಗದಂತೆ ತಡೆಯಲು ಹಿಂದೆ ದಾರಿಯಲ್ಲಿ ಕೆಪಾಸಿಟರ್ ಇಡುವುದು ವಾಡಿಕೆಯಾಗಿತ್ತು. 100 ಮೈಕ್ರೋಫ್ಯಾರಡ್ ಕೆಪಾಸಿಟರ್, 16 ಓಮ್ ಇಯರ್‌ಫೋನ್ ಎಂದುಕೊಳ್ಳಿ. ಅವೆರಡು ಸೇರಿ 100 ಹರ್ಟ್ಸ್‌ನಲ್ಲೇ ಸದ್ದನ್ನು ಮೂರು ಡೆಸಿಬೆಲ್ ತಗ್ಗಿಸುತ್ತವೆ, ಕೆಳಗೆ ಹೋದಷ್ಟೂ ಇನ್ನೂ ಹೆಚ್ಚು. ನಮ್ಮ ತಂಬೂರಿಯ 65 ಹರ್ಟ್ಸ್‌ನ ಮಂದ್ರ ಅರ್ಧಕ್ಕರ್ಧ ಸೊರಗುತ್ತದೆ, ಮೃದಂಗದ ಎಡಗೈ ತೆಳುವಾಗುತ್ತದೆ. ಅದೇ ಪ್ಲೇಯರ್‌ಗೆ 300 ಓಮ್‌ನ ಹೆಡ್‌ಫೋನ್ ಹಾಕಿ, ಮಂದ್ರ ತಿರುಗಿ ಬರುತ್ತದೆ. ಡ್ಯಾಕ್ ಅದೇ. ಹೊಸ ಚಿಪ್ಪುಗಳು ಋಣ ವೋಲ್ಟೇಜನ್ನೂ ತಾವೇ ಹುಟ್ಟಿಸಿಕೊಂಡು ಈ ಕೆಪಾಸಿಟರನ್ನೇ ತೆಗೆದುಹಾಕಿವೆ.

ಇನ್ನೊಂದು ಅಪರಾಧಿ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಪ್ಲೇಯರ್‌ನ ಒಳರೋಧ. ಹಲವು ಚಿಕ್ಕ ಡ್ರೈವರ್‌ಗಳನ್ನು ಕೂಡಿಸಿ ಮಾಡಿದ ದುಬಾರಿ ಇಯರ್‌ಫೋನ್‌ಗಳ ರೋಧ ಎಲ್ಲ ಕಂಪನಕ್ಕೂ ಒಂದೇ ಇರುವುದಿಲ್ಲ. ಒಂದು ಕಡೆ 40 ಓಮ್, ಇನ್ನೊಂದು ಕಡೆ 8 ಓಮ್ ಆಗಬಹುದು. ಪ್ಲೇಯರ್‌ನ ಒಳರೋಧ 10 ಓಮ್ ಇದ್ದರೆ ಈ ಎರಡು ಕಡೆಗಳ ನಡುವೆ ಐದು ಡೆಸಿಬೆಲ್ ವ್ಯತ್ಯಾಸ ಬೀಳುತ್ತದೆ. ಒಂದು ಓಮ್ ಇದ್ದರೆ ಒಂದು ಡೆಸಿಬೆಲ್‌ಗೂ ಕಡಿಮೆ. ಐದು ಡೆಸಿಬೆಲ್ ಎಂದರೆ ಗಾಯಕಿಯ ಕಂಠದ ಬಣ್ಣವೇ ಬೇರೆ. ಮೂರು ಲಕ್ಷದ ಡ್ಯಾಕ್‌ನಲ್ಲೂ ಇಷ್ಟು ದೊಡ್ಡ ಬದಲಾವಣೆ ತರುವ ಶಕ್ತಿ ಇಲ್ಲ.

ಇಷ್ಟೆಲ್ಲ ಇದ್ದರೂ ಏಣಿ ಮತ್ತೆ ಬಂತು. 2020ರ ಅಕ್ಟೋಬರ್ 20ರಂದು ಜಪಾನಿನ ನೊಬೆಯೋಕದಲ್ಲಿ ಅಸಾಹಿ ಕಾಸೈ ಕಂಪನಿಯ ಚಿಪ್ ಕಾರ್ಖಾನೆಗೆ ಬೆಂಕಿ ಬಿತ್ತು. ದಿನಗಟ್ಟಲೆ ಉರಿಯಿತು. ಒಳ್ಳೆಯ ಪ್ಲೇಯರ್ ತಯಾರಕರಲ್ಲಿ ಬಹಳ ಮಂದಿ ಅವರ ಚಿಪ್ ನಂಬಿಕೊಂಡಿದ್ದರು. ರಾತ್ರೋರಾತ್ರಿ ಚಿಪ್ಪಿಗೆ ಬರ. ಕೆಲವರು ಅಮೆರಿಕದ ಇಎಸ್‌ಎಸ್ ಕಡೆ ಓಡಿದರು. ಕೆಲವರು ಚಿಪ್ಪೇ ಬೇಡ, ಬಿಡಿ ರೆಸಿಸ್ಟರ್‌ಗಳಿಂದ ಏಣಿ ಕಟ್ಟೋಣ ಎಂದರು. ಅದಕ್ಕೂ ಮುಂಚೆಯೇ ಹಾಗೆ ಕಟ್ಟುತ್ತಿದ್ದವರಿದ್ದರು, ಆದರೆ 2021ರಲ್ಲಿ ಚೀನಾದ ಹೈಬಿ ಮತ್ತು ಕೇಯಿನ್ ಕಂಪನಿಗಳ ಪ್ಲೇಯರ್, ಡಾಂಗಲ್‌ಗಳು ಬಂದಮೇಲೆ ಏಣಿ ಒಂದು ಫ್ಯಾಷನ್ನೇ ಆಯಿತು. ‘24 ಬಿಟ್ ಏಣಿ’ ಎಂದು ಬರೆದದ್ದನ್ನು ಓದುವಾಗ ಒಂದು ಲೆಕ್ಕ ನೆನಪಿರಲಿ. ಎರಡು ವೋಲ್ಟ್ ಕೊಡುವ ಯಂತ್ರದಲ್ಲಿ 24ನೆಯ ಬಿಟ್‌ನ ಬೆಲೆ ಒಂದು ಮೈಕ್ರೋವೋಲ್ಟ್‌ನ ಮೂರನೆಯ ಒಂದು ಪಾಲು. ಸುಮ್ಮನೆ ಮೇಜಿನ ಮೇಲಿಟ್ಟ ಒಂದು ಕಿಲೋ ಓಮ್ ರೆಸಿಸ್ಟರ್, ಬರೀ ಕೋಣೆಯ ಶಾಖಕ್ಕೇ, ಶ್ರವ್ಯ ಕಂಪನಗಳಲ್ಲಿ ಅದಕ್ಕಿಂತ ಹೆಚ್ಚು ಗದ್ದಲ ಮಾಡುತ್ತದೆ. ಕೊನೆಯ ಕೆಲವು ಬಿಟ್‌ಗಳು ಕಾಗದದ ಮೇಲಷ್ಟೇ ಇವೆ.

ಹಾಗೆಂದು ಏಣಿಯ ಪ್ಲೇಯರ್ ಕೊಳ್ಳಬೇಡಿ ಎನ್ನುವುದಿಲ್ಲ. ಚೆನ್ನಾಗಿ ತಿದ್ದಿ ಮಾಡಿದವು ಇವೆ, ಅವುಗಳ ಬಣ್ಣ ಇಷ್ಟವಾದರೆ ಕೇಳಿ. ಆದರೆ ಬಣ್ಣಕ್ಕೆ ಸತ್ಯದ ಬೆಲೆ ಕೊಡಬೇಡಿ. 2016ರಲ್ಲಿ ಐಫೋನ್‌ನಿಂದ ಇಯರ್‌ಫೋನ್ ತೂತು ಹೋಯಿತು. ಆಗ ಬಂದ ಬೆರಳುದ್ದದ ಅಗ್ಗದ ಅಡಾಪ್ಟರ್‌ನೊಳಗೂ ಒಂದು ಡ್ಯಾಕ್ ಇದೆ, ಅಳತೆಯಲ್ಲಿ ಅದು ಸಿ.ಡಿ. ಸಂಗೀತಕ್ಕೆ ಧಾರಾಳವಾಗಿ ಸಾಕು. ಇನ್ನು ಬ್ಲೂಟೂತ್ ಇಯರ್‌ಬಡ್ ಹಾಕಿಕೊಂಡರಂತೂ ಅಂಕಿ ನಾದವಾಗುವುದು ನಿಮ್ಮ ಕಿವಿಯೊಳಗೇ, ಇಯರ್‌ಬಡ್‌ನ ಚಿಪ್ಪಿನಲ್ಲಿ. ಕೈಯಲ್ಲಿರುವ ಲಕ್ಷದ ಪ್ಲೇಯರ್‌ನ ಡ್ಯಾಕ್‌ಗೆ ಆಗ ರಜೆ. ಆಕಾಶವಾಣಿಯ ಹಳೆಯ ಟೇಪುಗಳಿಂದ ಇಳಿಸಿಕೊಂಡ ಕಛೇರಿಗಳನ್ನೇ ಕೇಳುವವರಿಗೆ ಇನ್ನೂ ಒಂದು ಮಾತು: ಆ ಟೇಪಿನ ಹಿಸ್ 16 ಬಿಟ್‌ನ ತಳಕ್ಕಿಂತ ಎಷ್ಟೋ ಮೇಲೆ ಇದೆ. ಅಲ್ಲಿ ಡ್ಯಾಕ್‌ಗಳ ಸ್ಪರ್ಧೆ ನಡೆಸುವುದು ವ್ಯರ್ಥ.

ಎರಡು ಯಂತ್ರಗಳನ್ನು ಹೋಲಿಸಬೇಕೆಂದಿದ್ದರೆ ಮೊದಲು ಎರಡರ ವಾಲ್ಯೂಮನ್ನು ಮೀಟರ್ ಹಿಡಿದು ಸಮ ಮಾಡಿ. ಅರ್ಧ ಡೆಸಿಬೆಲ್ ಜೋರಾಗಿರುವುದು ಜೋರಾಗಿ ಕೇಳುವುದಿಲ್ಲ, ಚೆನ್ನಾಗಿ ಕೇಳುತ್ತದೆ, ಮೋಸ ಅಲ್ಲೇ. ಆಮೇಲೆ ಯಾವುದು ಯಾವುದೆಂದು ಗೊತ್ತಿಲ್ಲದ ಹಾಗೆ ಬೇರೆಯವರಿಂದ ಬದಲಿ ಮಾಡಿಸಿ ಕೇಳಿ.

ವಿದ್ಯಾರ್ಥಿಗಳಿಗೆ ಒಂದು ಕೋರಿಕೆ. ಪ್ಲೇಯರ್‌ನ ಒಳರೋಧ ಅಳೆಯಲು ನಿಮ್ಮ ಲ್ಯಾಬಿನಲ್ಲಿರುವ, ಮಿಲಿವೋಲ್ಟ್ ತೋರಿಸುವ ಎ.ಸಿ. ಮೀಟರ್ ಮತ್ತು 33 ಓಮ್‌ನ ಒಂದು ರೆಸಿಸ್ಟರ್ ಸಾಕು. ಫೋನ್‌ನಲ್ಲಿ 200 ಹರ್ಟ್ಸ್ ಸ್ವರ ನುಡಿಸಿ. ಏನೂ ಜೋಡಿಸದೆ ಒಮ್ಮೆ ವೋಲ್ಟೇಜ್ ಅಳೆಯಿರಿ, ರೆಸಿಸ್ಟರ್ ಜೋಡಿಸಿ ಇನ್ನೊಮ್ಮೆ. ಮೊದಲ ಅಳತೆಯನ್ನು ಎರಡನೆಯದರಿಂದ ಭಾಗಿಸಿ, ಒಂದು ಕಳೆದು, 33ರಿಂದ ಗುಣಿಸಿ. 100 ಮಿಲಿವೋಲ್ಟ್ ಇದ್ದದ್ದು 94ಕ್ಕೆ ಇಳಿದರೆ ಒಳರೋಧ ಸುಮಾರು ಎರಡು ಓಮ್. ಒಂದು ಯಂತ್ರಕ್ಕೆ ಐದು ನಿಮಿಷದ ಕೆಲಸ. ಈ ಊರಿನ ಅಂಗಡಿಗಳಲ್ಲಿ, ಮನೆಗಳಲ್ಲಿ ಇರುವ ಫೋನು, ಡಾಂಗಲ್, ಪ್ಲೇಯರ್‌ಗಳನ್ನೆಲ್ಲ ಈ ವರ್ಷ ಅಳೆದು, ಕನ್ನಡದಲ್ಲಿ ಪಟ್ಟಿ ಮಾಡಿ ಕಾಲೇಜಿನ ಫಲಕದ ಮೇಲೆ ಹಾಕಿ. ಯಾವ ಪೆಟ್ಟಿಗೆಯ ಮೇಲಿನ ಬಿರುದಿಗಿಂತಲೂ ಆ ಪಟ್ಟಿ ಕೊಳ್ಳುವವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.